ಐನ್‌ಮನೆ

ಕುಶಾಲನಗರದ ಸಮೀಪದಲ್ಲಿ, ಹುದುಗೂರಿನ ಬಳಿ, ಹಾರಂಗಿ ನದಿಗೆ ಅಡ್ಡಲಾಗಿ ಕಟ್ಟಿದ ಅಣೆಕಟ್ಟು ಇದೆ. 1982ರಲ್ಲಿ ಪೂರ್ಣಗೊಂಡ ಈ ಕಟ್ಟೆಯ ಹಿಂದೆ 8.5 ಟಿ.ಎಂ.ಸಿ. ನೀರು ನಿಲ್ಲುತ್ತದೆ. ಕಟ್ಟೆಯ ಕೆಳಗೆ ನದಿ ಬಯಲಿಗಿಳಿದು, ಕೂಡಿಗೆಯಲ್ಲಿ ಕಾವೇರಿಯನ್ನು ಸೇರುತ್ತದೆ. ಹೆಸರೇ ಹೇಳುವಂತೆ ಅದು ಎರಡು ನದಿಗಳು ಕೂಡುವ ಸ್ಥಳ. ಕಟ್ಟೆಯ ಮೇಲ್ಗಡೆ ಮಾತ್ರ ನೋಟವೇ ಬೇರೆ. ನೀರಿನ ಹರವು ಮುಗಿಯುವಲ್ಲಿ ಗುಡ್ಡಗಳು ತಲೆಯೆತ್ತುತ್ತವೆ. ಆ ಗುಡ್ಡಗಳ ಹಿಂದೆ ಇನ್ನಷ್ಟು ಗುಡ್ಡಗಳು, ಅವುಗಳ ಹಿಂದೆ ಮೋಡ. ಕಟ್ಟೆಯ ಬಳಿ ಹನಿ ಮಳೆ ಬೀಳದ ದಿನಗಳಲ್ಲಿಯೂ ಆ ಮೋಡದ ಕೆಳಗೆ ಮಳೆ ಸುರಿಯುತ್ತಿರುತ್ತದೆ. ಇಲ್ಲಿ ನಿಂತ ನೀರೆಲ್ಲ ಅಲ್ಲಿಯದೇ.

2018ರ ಆಗಸ್ಟ್ ತಿಂಗಳಲ್ಲಿ ಈ ಜಲಾಶಯಕ್ಕೆ ಹರಿದು ಬಂದದ್ದು ಬರಿಯ ನೀರಲ್ಲ. ಮಕ್ಕಂದೂರು, ಮುಕ್ಕೋಡ್ಲು, ಹಟ್ಟಿಹೊಳೆ, ಕಾಲೂರು ಮೊದಲಾದ ಊರುಗಳ ಸುತ್ತ ಬೆಟ್ಟಗಳು ಜರಿದು, ಕೆಂಪು ಮಣ್ಣು, ಬೇರುಸಹಿತ ಕಿತ್ತ ಮರಗಳು ಹೊಳೆಗಳನ್ನು ಹಿಡಿದು ಕೆಳಗಿಳಿದವು. ತಲೆಮಾರುಗಳಿಂದ ಉತ್ತು ಬಿತ್ತಿದ ಗದ್ದೆಗಳು ಒಂದೇ ರಾತ್ರಿಯಲ್ಲಿ ಗುರುತು ಸಿಗದಂತಾದವು. ಆ ಮಣ್ಣಿನ ಒಂದು ಪಾಲು ಇಂದಿಗೂ ಹಾರಂಗಿಯ ತಳದಲ್ಲಿ ಹೂಳಾಗಿ ಮಲಗಿದೆ. ಅದನ್ನು ನೆನೆದಾಗಲೆಲ್ಲ, ಆ ಬೆಟ್ಟಗಳ ನಡುವೆ ಎರಡು ನೂರು ವರ್ಷಗಳಿಂದ, ಕೆಲವೆಡೆ ಅದಕ್ಕೂ ಹಿಂದಿನಿಂದ ನಿಂತಿರುವ ಮನೆಗಳ ನೆನಪಾಗುವುದು ಸಹಜ. ಅವುಗಳಿಗೆ ಐನ್‌ಮನೆಗಳೆಂದು ಹೆಸರು. ಒಬ್ಬ ಮೂಲಪುರುಷನಿಂದ ಹುಟ್ಟಿ ಬೆಳೆದ ವಂಶಕ್ಕೆ ಕೊಡಗಿನಲ್ಲಿ ಒಕ್ಕ ಎನ್ನುತ್ತಾರೆ. ಆ ಒಕ್ಕದ ಮೂಲಮನೆಯೇ ಐನ್‌ಮನೆ. ಕೊಡವರಲ್ಲಿರುವಂತೆ, ಅರೆಭಾಷೆಯನ್ನಾಡುವ ಗೌಡರಲ್ಲಿಯೂ ಐನ್‌ಮನೆಗಳುಂಟು.

ಐನ್‌ಮನೆಗೆ ನೇರವಾದ ದಾರಿಯಿಲ್ಲ. ಗದ್ದೆಯ ಬದಿಯಿಂದ ಹೊರಟ ಓಣಿಯೊಂದು ಒಂದೆರಡು ಕಡೆ ತಿರುಗಿ, ಏರಿ, ಮತ್ತೆ ತಿರುಗಿ ಮನೆಯ ಅಂಗಳವನ್ನು ಮುಟ್ಟುತ್ತದೆ. ಓಣಿಯ ಎರಡೂ ಮಗ್ಗುಲಿಗೆ ಆಳೆತ್ತರದ ಮಣ್ಣಿನ ದಂಡೆ. ಅದರ ಮೇಲೆ ಪಾಚಿ, ಜರಿಗಿಡ. ಹೊಸಬನಿಗೆ ಮನೆ ಎಲ್ಲಿದೆಯೆಂಬುದು ಕೊನೆಯ ತಿರುವಿನವರೆಗೂ ತಿಳಿಯುವುದಿಲ್ಲ. ಮನೆಯಲ್ಲಿದ್ದವರಿಗೆ ಅವನ ಹೆಜ್ಜೆಯ ಸಪ್ಪಳ ಬಹಳ ಮುಂಚೆಯೇ ಕೇಳಿಸಿರುತ್ತದೆ. ಶತ್ರುಗಳು ಗುಂಪಾಗಿ ನುಗ್ಗದಂತೆ ಹಿಂದಿನವರು ಹೀಗೆ ಮಾಡಿದರೆಂದು ಹೇಳುವುದುಂಟು. ಕಾದಾಟ ಸಾಮಾನ್ಯವಾಗಿದ್ದ ಆ ನಾಡಿನಲ್ಲಿ ಇದು ನಂಬಲಾಗದ ಮಾತಲ್ಲ.

ಓಣಿ ಮುಗಿಯುವ ಹೊತ್ತಿಗೆ ಒಂದು ಚಿಕ್ಕ ಗುಡಿ ಕಾಣುತ್ತದೆ. ಅದು ಕೈಮಡ. ಒಕ್ಕದ ಮೂಲಪುರುಷನಾದ ಕಾರೋಣನ ಸ್ಥಾನ ಅದು. ಮನೆಗೆ ಬಂದವರು ಬದುಕಿರುವ ಯಜಮಾನನನ್ನು ಕಾಣುವ ಮೊದಲು, ತೀರಿಹೋದ ಯಜಮಾನನನ್ನು ಹಾದುಹೋಗಬೇಕು. ಅಂಗಳದ ಒಂದು ಕಡೆ ದನದ ಕೊಟ್ಟಿಗೆ, ಇನ್ನೊಂದು ಕಡೆ ಭತ್ತದ ಕಣಜ. ಎದುರಿಗೆ, ಎತ್ತರದ ಜಗಲಿಯ ಮೇಲೆ, ಮನೆ.

ಮೊದಲು ಕಣ್ಣಿಗೆ ಬೀಳುವುದು ಗೋಡೆಯಲ್ಲ, ಮಾಡು. ದೂರದಿಂದ ನೋಡಿದರೆ ಐನ್‌ಮನೆಯೆಂಬುದು ಒಂದು ದೊಡ್ಡ ಮಾಡು. ಅದರ ಅಡಿಯಲ್ಲಿ ಗೋಡೆಗಳು ಮಳೆಗೆ ಹೆದರಿ ಒತ್ತಿ ಕುಳಿತಂತೆ ಇರುತ್ತವೆ. ವರ್ಷಕ್ಕೆ 3000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಮಡಿಕೇರಿಯ ಸುತ್ತಿನಲ್ಲಿ ಮನೆ ಕಟ್ಟುವವನು ಮೊದಲು ಯೋಚಿಸಬೇಕಾದದ್ದು ನೀರನ್ನು ಹೇಗೆ ಬೇಗ ಕೆಳಗಿಳಿಸುವುದೆಂಬುದನ್ನು. ಆದುದರಿಂದ ಮಾಡಿನ ಇಳಿಜಾರು ಕಡಿದು. ಅದರ ಅಂಚು ಗೋಡೆಯಿಂದ ಬಹುದೂರ ಹೊರಚಾಚಿರುತ್ತದೆ. ಗೋಡೆ ಮಣ್ಣಿನದು. ಮಣ್ಣಿನ ಗೋಡೆಗೆ ಮಳೆ ಹೊಡೆದರೆ ಅದರ ಆಯುಸ್ಸು ಮುಗಿಯಿತು. ಹೊಡೆಯದಿದ್ದರೆ ನೂರಾರು ವರ್ಷ ಬಾಳುತ್ತದೆ. ಮನೆಯ ಬಾಳೆಲ್ಲ ಮಾಡಿನ ಅಂಚಿನಲ್ಲಿದೆ.

ಹಿಂದೆ ಈ ಮಾಡಿಗೆ ಭತ್ತದ ಹುಲ್ಲನ್ನು ಹೊದಿಸುತ್ತಿದ್ದರು. ಮಳೆಗಾಲಕ್ಕೆ ಮುನ್ನ ಹೊಸ ಹುಲ್ಲು ಹೊದಿಸಲು ಒಕ್ಕದ ಗಂಡಸರೆಲ್ಲ ಸೇರಬೇಕಾಗುತ್ತಿತ್ತು. 1865ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆಯನ್ನು ತೆರೆದರು. ಬರಬರುತ್ತ ಮಂಗಳೂರು ಹೆಂಚು ಘಟ್ಟವನ್ನು ಹತ್ತಿತು. ಕೊಡಗಿನ ಹಳೆಯ ಮನೆಯ ಹೆಂಚೊಂದನ್ನು ತಿರುವಿ ನೋಡಿದರೆ ಕಾರ್ಖಾನೆಯ ಹೆಸರು ಅಚ್ಚೊತ್ತಿರುವುದನ್ನು ಇಂದಿಗೂ ಕಾಣಬಹುದು. ಹೆಂಚು ಬಂದುದರಿಂದ ಪ್ರತಿವರ್ಷದ ಶ್ರಮ ತಪ್ಪಿತು. ಒಕ್ಕದವರೆಲ್ಲ ವರ್ಷಕ್ಕೊಮ್ಮೆ ಒಂದೇ ಮಾಡಿನ ಮೇಲೆ ಹತ್ತಿ ಕೂರುವ ಕಾರಣವೂ ತಪ್ಪಿತು.

ಮೆಟ್ಟಿಲೇರಿದರೆ ಕೈಯಾಲೆ, ಎಂದರೆ ಮುಂಭಾಗದ ಮೊಗಸಾಲೆ. ಇಲ್ಲಿ ಮರದ ಕೆಲಸದ ಸೊಗಸೆಲ್ಲ ಒಟ್ಟುಗೂಡಿದೆ. ಸಾಲುಗಂಬಗಳು, ಹಲವು ಮನೆಗಳಲ್ಲಿ ಅವು ಬುಡದಲ್ಲಿ ದಪ್ಪನಾಗಿ, ಮೇಲೆ ಹೋದಂತೆ ಕಿರಿದಾಗುತ್ತವೆ. ಕಂಬದಿಂದ ಕಂಬಕ್ಕೆ ಹಾಸಿದ ದಪ್ಪನೆಯ ಅಗಲವಾದ ಹಲಗೆಗೆ ಐಮರವೆಂದು ಹೆಸರು. ಕುಳಿತು ಕುಳಿತು ಅದರ ಮೈ ಕನ್ನಡಿಯಂತೆ ನುಣುಪಾಗಿರುತ್ತದೆ. ಐಮರದ ಮೇಲೆ ಕೂರುವ ಹಕ್ಕು ಹಿರಿಯರದು. ಕಿರಿಯರು ನಿಂತು ಮಾತನಾಡಬೇಕು. ಗದ್ದೆಯ ನೀರಿನ ತಕರಾರು, ಹೆಣ್ಣು ಕೊಡುವ ತರುವ ಮಾತು, ಬೇಟೆಯ ಲೆಕ್ಕಾಚಾರ ಎಲ್ಲವೂ ಇಲ್ಲಿಯೇ ತೀರ್ಮಾನವಾಗುತ್ತಿದ್ದವು. ನ್ಯಾಯಾಲಯ, ಅತಿಥಿಗೃಹ, ಸಭಾಮಂಟಪ ಇವು ಮೂರೂ ಒಂದೇ ಹಲಗೆಯ ಮೇಲೆ ಇದ್ದ ಕಾಲ ಅದು. ಆ ತೀರ್ಮಾನಗಳಲ್ಲಿ ಹೆಂಗಸರ ಮಾತು ಎಷ್ಟು ನಡೆಯುತ್ತಿತ್ತೆಂದು ಕೇಳಿದರೆ ಉತ್ತರ ಅಷ್ಟೇನೂ ಹಿತವಾಗಿರಲಾರದು. ಕಾಡಿನಿಂದ ಈ ತೊಲೆಗಳನ್ನು ಹೊತ್ತು ತಂದ ಆಳುಗಳ ಹೆಸರೂ ಯಾವ ಕಂಬದ ಮೇಲೂ ಇಲ್ಲ.

ಬಾಗಿಲುವಾಡ ತಗ್ಗು. ಎತ್ತರದವರು ತಲೆ ಬಾಗಿಸಿಯೇ ಒಳಗೆ ಹೋಗಬೇಕು. ಹೊರಗಿನ ಬೆಳಕಿನಿಂದ ಒಳಗೆ ಕಾಲಿಟ್ಟೊಡನೆ ಕಣ್ಣಿಗೆ ಏನೂ ತೋರುವುದಿಲ್ಲ. ಕಿಟಕಿಗಳು ಚಿಕ್ಕವು, ಅವಕ್ಕೆ ಮರದ ಸರಳುಗಳು. ಸ್ವಲ್ಪ ಹೊತ್ತಿನ ಮೇಲೆ, ಕತ್ತಲೆಯ ನಡುವೆ ಒಂದು ತೂಗುದೀಪ ಕಾಣತೊಡಗುತ್ತದೆ. ಆ ನಡುಮನೆಯೇ ನೆಲ್ಲಕ್ಕಿ ನಡುಬಾಡೆ. ಮುಂಜಾನೆ ಒಮ್ಮೆ, ಮುಸ್ಸಂಜೆ ಒಮ್ಮೆ ಆ ದೀಪವನ್ನು ಹಚ್ಚಬೇಕು. ಮದುವೆಯ ಮುಹೂರ್ತ, ಸತ್ತವರ ಕ್ರಿಯೆ, ದೂರದೂರಿಗೆ ಹೊರಟವನ ನಮಸ್ಕಾರ ಇವೆಲ್ಲ ಆ ದೀಪದ ಎದುರಿಗೆ ನಡೆಯುವಂಥವು. ನೈಋತ್ಯ ಮೂಲೆಯಲ್ಲಿ ಒಂದು ಕೋಣೆ. ಅದಕ್ಕೆ ಕನ್ನಿ ಕೊಂಬರೆ ಎನ್ನುತ್ತಾರೆ. ಅದು ಹಿರಿಯರ ಕೋಣೆ. ಅಲ್ಲಿ ಯಾರೂ ಮಲಗುವುದಿಲ್ಲ. ಮನೆಯಲ್ಲಿ ಎಷ್ಟೇ ಜನವಿದ್ದು ಜಾಗಕ್ಕೆ ಎಷ್ಟೇ ಇಕ್ಕಟ್ಟಾದರೂ ಆ ಒಂದು ಕೋಣೆ ಸತ್ತವರಿಗಾಗಿ ಮೀಸಲು.

ದೊಡ್ಡ ಐನ್‌ಮನೆಗಳಲ್ಲಿ ನಾಲ್ಕು ಕಡೆ ಕಟ್ಟಿ, ನಡುವೆ ಆಕಾಶಕ್ಕೆ ತೆರೆದ ಅಂಗಳವನ್ನು ಬಿಟ್ಟಿರುತ್ತಾರೆ. ಮೈಸೂರು ಸೀಮೆಯ ತೊಟ್ಟಿಮನೆಯನ್ನು ನೋಡಿದವರಿಗೆ ಇದು ಹೊಸದೆನಿಸದು. ಮಳೆಗಾಲದಲ್ಲಿ ನಾಲ್ಕೂ ಮಾಡುಗಳ ನೀರು ಆ ಅಂಗಳಕ್ಕೆ ಧುಮುಕುತ್ತದೆ. ಒಳಗೆ ಕುಳಿತವರು ಮಳೆಯ ನಡುವೆಯೇ ಇದ್ದು ಮಳೆಯಿಂದ ನೆನೆಯದೆ ಇರುತ್ತಾರೆ. ಸುತ್ತಲಿನ ಕೋಣೆಗಳಲ್ಲಿ ಅಣ್ಣತಮ್ಮಂದಿರ ಸಂಸಾರಗಳು. ಹಿಂಭಾಗದಲ್ಲಿ ಎಲ್ಲರಿಗೂ ಸೇರಿ ಒಂದೇ ಅಡುಗೆಮನೆ. ಆ ಅಡುಗೆಮನೆಯ ಹೊಗೆ ತೊಲೆಗಳನ್ನೆಲ್ಲ ಕಪ್ಪಗೆ ಮಾಡಿದೆ. ಹೊಗೆ ಹಿಡಿದ ಮರಕ್ಕೆ ಹುಳು ಬೀಳುವುದು ಕಡಿಮೆ. ಆದರೆ ಆ ಹೊಗೆಯನ್ನು ದಿನವೂ ಕುಡಿದ ಹೆಂಗಸರ ಕಣ್ಣು ಮತ್ತು ಎದೆಗಳ ವಿಷಯ ಬೇರೆ.

ಈ ಮನೆಗಳಲ್ಲಿ ಹಲವು ಕಟ್ಟಲ್ಪಟ್ಟ ಕಾಲದಲ್ಲಿಯೇ, ಬಹುದೂರದ ಇಂಗ್ಲೆಂಡಿನ ಹಳ್ಳಿಗಳಲ್ಲಿ ಮತ್ತು ಸಣ್ಣ ಪಟ್ಟಣಗಳಲ್ಲಿ ಬೇರೊಂದು ಬಗೆಯ ಮನೆಗಳು ಏಳುತ್ತಿದ್ದವು. 1714ರಿಂದ 1830ರವರೆಗೆ ಆ ದೇಶವನ್ನು ಜಾರ್ಜ್ ಎಂಬ ಹೆಸರಿನ ನಾಲ್ವರು ಅರಸರು ಒಬ್ಬರಾದ ಮೇಲೊಬ್ಬರು ಆಳಿದುದರಿಂದ ಆ ಮನೆಗಳನ್ನು ಜಾರ್ಜಿಯನ್ ಮನೆಗಳೆಂದು ಕರೆಯುತ್ತಾರೆ. ಇಂಗ್ಲಿಷ್ ಕವಿ ವರ್ಡ್ಸ್‌ವರ್ತ್ 1770ರಲ್ಲಿ ಹುಟ್ಟಿದ್ದು ಅಂಥದೊಂದು ಮನೆಯಲ್ಲಿ. ಡರ್ವೆಂಟ್ ನದಿಯ ದಡದ ಕಾಕರ್‌ಮತ್ ಎಂಬ ಊರಿನಲ್ಲಿ 1745ರಲ್ಲಿ ಕಟ್ಟಿದ ಆ ಮನೆ ಇಂದಿಗೂ ಇದೆ. ನಡುವೆ ಬಾಗಿಲು, ಅದರ ಎಡಕ್ಕೂ ಬಲಕ್ಕೂ ಒಂದೇ ಅಳತೆಯಲ್ಲಿ ಸಾಲಾಗಿ ದೊಡ್ಡ ದೊಡ್ಡ ಕಿಟಕಿಗಳು. ಮನೆಯನ್ನು ನಡುವೆ ಮಡಿಸಿದರೆ ಒಂದು ಅರ್ಧ ಇನ್ನೊಂದರ ಮೇಲೆ ಸರಿಯಾಗಿ ಕೂರುವಂತಿದೆ. ಅಂದಿನ ಇಂಗ್ಲಿಷರಿಗೆ ಈ ಸಮತೆಯೇ ಸೌಂದರ್ಯದ ಮೊದಲ ಲಕ್ಷಣವಾಗಿತ್ತು.

ಎರಡು ಮನೆಗಳನ್ನು ಪಕ್ಕಪಕ್ಕದಲ್ಲಿ ಇಟ್ಟು ನೋಡಿದರೆ, ಮನೆ ಕಟ್ಟುವವನ ಕೈಯನ್ನು ಹಿಡಿದು ನಡೆಸುವುದು ಆಕಾಶವೇ ಎಂಬುದು ತಿಳಿಯುತ್ತದೆ. ಇಂಗ್ಲೆಂಡಿನಲ್ಲಿ ಬಿಸಿಲು ಅಪರೂಪ. ಅಲ್ಲಿಯ ಮನೆ ಬಿಸಿಲನ್ನು ಬೇಡಿ ತರಲು ಎತ್ತರದ ಗಾಜಿನ ಕಿಟಕಿಗಳನ್ನು ತೆರೆಯಿತು. ಆ ದೇಶದ ಸರ್ಕಾರ 1696ರಿಂದ 1851ರವರೆಗೆ ಕಿಟಕಿಗಳ ಲೆಕ್ಕ ಹಿಡಿದು ತೆರಿಗೆ ಹಾಕುತ್ತಿತ್ತು; ತೆರಿಗೆ ತಪ್ಪಿಸಿಕೊಳ್ಳಲು ಜನರು ಕಿಟಕಿಗಳನ್ನೇ ಇಟ್ಟಿಗೆಯಿಂದ ಮುಚ್ಚಿಸಿದ್ದುಂಟು. ಬೆಳಕಿಗೆ ಬೆಲೆ ಕಟ್ಟಿದ ದೇಶ ಅದು! ಕೊಡಗಿನಲ್ಲಿ ಬೇಕಾದದ್ದು ಮಳೆಗೆ ಮರೆ. ಇಲ್ಲಿಯ ಮನೆ ಕಿಟಕಿಯನ್ನು ಕಿರಿದು ಮಾಡಿ ಮಾಡನ್ನು ಹಿರಿದು ಮಾಡಿತು. ಅಲ್ಲಿ ಒಲೆಯ ಸುತ್ತ ಮನೆ, ಇಲ್ಲಿ ದೀಪದ ಸುತ್ತ ಮನೆ. ಅಲ್ಲಿಯ ಮನೆ ಬೀದಿಗೆ ಮುಖ ತೋರಿಸಿ ನಿಲ್ಲುತ್ತದೆ. ಇಲ್ಲಿಯದು ಓಣಿಯ ಹಿಂದೆ ಅಡಗಿ ಕೂರುತ್ತದೆ.

ಕೊಡಗಿನ ಅರಸರೂ ಅದೇ ಕಾಲದಲ್ಲಿ ಕಟ್ಟಿದರು. ದೊಡ್ಡ ವೀರರಾಜೇಂದ್ರನು ತಡಿಯಂಡಮೋಳ್ ಬೆಟ್ಟದ ತಪ್ಪಲಿನಲ್ಲಿ 1792ರಲ್ಲಿ ಕಟ್ಟಲು ತೊಡಗಿದ ನಾಲ್ಕುನಾಡು ಅರಮನೆಯನ್ನು ನೋಡಿದರೆ, ಅರಸನ ಮನೆಯೂ ತನ್ನ ಪ್ರಜೆಗಳ ಮನೆಯ ದೊಡ್ಡಣ್ಣನಂತೆಯೇ ಇದೆ. ಅದೇ ಮರ, ಅದೇ ಜಗಲಿ, ಅದೇ ಮಳೆಯ ಎಚ್ಚರ. ಲಿಂಗರಾಜೇಂದ್ರನು 1812ರಿಂದ 1814ರವರೆಗೆ ಮಡಿಕೇರಿಯ ಕೋಟೆಯೊಳಗೆ ಕಟ್ಟಿಸಿದ ಅರಮನೆಯಾದರೋ ಗಟ್ಟಿ ಗಾರೆಯ ಮಹಡಿಮನೆ. ಅಷ್ಟಾದರೂ ಅದರ ಒಡಲಿನಲ್ಲಿ ತೆರೆದ ಅಂಗಳವೊಂದು ಉಳಿದುಕೊಂಡಿದೆ.

ಆಕಾರದ ಭೇದಕ್ಕಿಂತ ದೊಡ್ಡ ಭೇದ ಇನ್ನೊಂದಿದೆ. ವರ್ಡ್ಸ್‌ವರ್ತನು ಹುಟ್ಟಿದ ಆ ಅಂದವಾದ ಮನೆ ಅವನ ತಂದೆಯದಾಗಿರಲಿಲ್ಲ. ತಂದೆ ಲೌದರ್ ಎಂಬ ಪ್ರಭುವಿನ ವ್ಯವಹಾರ ನೋಡಿಕೊಳ್ಳುತ್ತಿದ್ದ ವಕೀಲ; ಮನೆ ಪ್ರಭುವಿನದು. 1778ರಲ್ಲಿ ತಾಯಿ ತೀರಿಕೊಂಡಳು. 1783ರಲ್ಲಿ ತಂದೆಯೂ ತೀರಿಕೊಂಡಾಗ, ಐದು ಮಂದಿ ಮಕ್ಕಳಿಗೆ ಆ ಮನೆಯಲ್ಲಿ ಸ್ಥಳವಿಲ್ಲವಾಯಿತು. ಹದಿಮೂರು ವರ್ಷದ ಬಾಲಕ ತನ್ನ ಒಡಹುಟ್ಟಿದವರೊಡನೆ ನೆಂಟರ ಆಸರೆಗೆ ಬಿದ್ದನು. ಮನೆಯ ಹಿಂದಿನ ಹೊಳೆಯನ್ನು ಅವನು ಮುಪ್ಪಿನವರೆಗೂ ಮರೆಯಲಿಲ್ಲ; ಮನೆ ಮಾತ್ರ ಅವನಿಗೆ ಮರಳಿ ಬರಲಿಲ್ಲ.

ಐನ್‌ಮನೆಯಿಂದ ಹೀಗೆ ಯಾರನ್ನೂ ಹೊರಹಾಕುವಂತಿಲ್ಲ. ಏಕೆಂದರೆ ಅದು ಯಾರೊಬ್ಬನದೂ ಅಲ್ಲ. ಹಿಂದಿನಿಂದ ಬಂದ ಜಮ್ಮಾ ಭೂಮಿಯ ಪದ್ಧತಿಯಲ್ಲಿ ಭೂಮಿ ಇಡೀ ಒಕ್ಕಕ್ಕೆ ಸೇರಿದ್ದು. ಹಿರಿಯನಾದ ಪಟ್ಟೆದಾರನ ಹೆಸರಿನಲ್ಲಿ ಲೆಕ್ಕವಿರುತ್ತಿತ್ತು, ಅಷ್ಟೇ. ಮನೆಯ ಮಾತೂ ಹಾಗೆಯೇ. ದಿಲ್ಲಿಯಲ್ಲಿ ನೌಕರಿಯಲ್ಲಿರುವವನಿಗೂ, ಹಳ್ಳಿಯಲ್ಲಿ ಬರಿಗೈಯಲ್ಲಿ ಕುಳಿತವನಿಗೂ ಅಲ್ಲಿ ಒಂದೇ ಹಕ್ಕು. ಯಾವ ದಿನ ಬಂದರೂ ಅವನ ಹೆಸರಿಗೆ ಅಲ್ಲಿ ಒಂದು ಜಾಗವುಂಟು. ಮನೆ ಎಲ್ಲರದೂ ಆಗಿರುವುದು ದೊಡ್ಡ ಭಾಗ್ಯ. ಆದರೆ ಸೋರುವ ಹೆಂಚನ್ನು ಬದಲಾಯಿಸುವ ದಿನ ಬಂದಾಗ, ಎಲ್ಲರ ಮನೆಯೆಂಬುದು ಯಾರ ಮನೆಯೂ ಅಲ್ಲದಂತೆ ಆಗುವುದೂ ಉಂಟು.

ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಕಾಫಿ ಬಂದಿತು. 1854ರಲ್ಲಿ ಫೌಲರ್ ಎಂಬ ಆಂಗ್ಲನು ಮಡಿಕೇರಿಯ ಬಳಿ ಮೊದಲ ದೊಡ್ಡ ಕಾಫಿ ತೋಟವನ್ನು ತೆರೆದನು. ಗದ್ದೆಯ ಕೆಲಸಕ್ಕೆ ಕೈಗಳು ಒಟ್ಟಾಗಬೇಕು. ಒಂದೇ ಮಳೆ, ಒಂದೇ ನಾಟಿ, ಒಂದೇ ಕೊಯ್ಲು. ಕಾಫಿ ತೋಟವಾದರೋ ಗುಡ್ಡಗುಡ್ಡಕ್ಕೆ ಚೆದರಿದ್ದು. ತೋಟದ ಬಳಿಯೇ ವಾಸಿಸಿದರೆ ಅನುಕೂಲ. ತಮ್ಮಂದಿರು ಒಬ್ಬೊಬ್ಬರಾಗಿ ತಮ್ಮ ತೋಟಗಳಲ್ಲಿ ಮನೆ ಕಟ್ಟಿಕೊಂಡರು. ಮುಂದೆ ಶಾಲೆ, ಕಾಲೇಜು, ಸೇನೆ, ಬೆಂಗಳೂರು ಒಂದೊಂದೂ ತನ್ನ ಪಾಲನ್ನು ಕೇಳಿ ಪಡೆಯಿತು. ಇದರಲ್ಲಿ ತಪ್ಪು ಯಾರದೂ ಇಲ್ಲ. ಐವತ್ತು ಜನ ಉಣ್ಣುತ್ತಿದ್ದ ಮನೆಯಲ್ಲಿ ಈಗ ಇಬ್ಬರು ಉಳಿದಿದ್ದಾರೆ. ಕೆಲವು ಕಡೆ ಬಾಗಿಲಿಗೆ ಬೀಗ. ಇನ್ನು ಕೆಲವು ಕಡೆ ಹಳೆಯದನ್ನು ಕೆಡವಿ ಅದೇ ತಳಪಾಯದ ಮೇಲೆ ಕಾಂಕ್ರೀಟಿನ ಮನೆ ಎದ್ದಿದೆ. ಹಾಗೆ ಮಾಡಿದವರನ್ನು ಬೈಯುವುದು ಸುಲಭ. ಗೆದ್ದಲು ತಿಂದ ತೊಲೆಗೆ ಬದಲು ಅಂಥದೇ ಮರವನ್ನು ತರಲು ಹೋದವನಿಗಷ್ಟೇ ಅದರ ಕಷ್ಟ ಗೊತ್ತು. ಅಂಥ ಕಾಂಕ್ರೀಟಿನ ಮನೆಗಳಲ್ಲಿಯೂ ನಡುವೆ ತೂಗುದೀಪಕ್ಕೆ ಜಾಗ ಬಿಟ್ಟು ಕಟ್ಟಿರುವುದನ್ನು ಕಂಡರೆ, ಕೆಡವಿದ್ದು ಗೋಡೆಯನ್ನು ಮಾತ್ರವೇನೋ ಎಂದು ಸಮಾಧಾನವಾಗುತ್ತದೆ.

2018ರ ಮಳೆ ಈ ಮಾತಿಗೆ ಬೇರೊಂದು ತೂಕವನ್ನು ತಂದಿತು. ಅಂದು ಬೆಟ್ಟಗಳು ಏಕೆ ಜರಿದವೆಂದು ಪರಿಶೀಲಿಸಿದ ಭೂವಿಜ್ಞಾನಿಗಳು, ಅತಿವೃಷ್ಟಿಯ ಜೊತೆಗೆ ರಸ್ತೆಗಾಗಿಯೂ ಮನೆಯ ನಿವೇಶನಕ್ಕಾಗಿಯೂ ಇಳಿಜಾರುಗಳನ್ನು ನೆಟ್ಟಗೆ ಕಡಿದದ್ದು ಒಂದು ಮುಖ್ಯ ಕಾರಣವೆಂದು ತೋರಿಸಿದರು. ಇಳಿಜಾರಿನ ಬುಡವನ್ನು ಕಡಿದರೆ ಮೇಲಿನ ಮಣ್ಣಿಗೆ ಆಧಾರ ತಪ್ಪುತ್ತದೆ. ಮಳೆಯ ನೀರು ಇಂಗಿ ಮಣ್ಣು ಭಾರವಾದಾಗ ಅದು ಕೆಳಗೆ ಜಾರುತ್ತದೆ. ಯಂತ್ರಗಳಿಲ್ಲದ ಕಾಲದಲ್ಲಿ ಗುಡ್ಡವನ್ನು ಹಾಗೆ ಕಡಿಯುವುದು ಸಾಧ್ಯವೇ ಇರಲಿಲ್ಲ. ಹಳಬರು ಗುದ್ದಲಿ ಹಿಡಿದು ಸಮಮಾಡಬಹುದಾದಷ್ಟು ನೆಲವನ್ನೇ ಹುಡುಕಿ, ಗದ್ದೆಯಿಂದ ಸ್ವಲ್ಪ ಎತ್ತರದಲ್ಲಿ, ಹರಿವ ನೀರಿನ ದಾರಿಯನ್ನು ಬಿಟ್ಟು ಮನೆಯಿಟ್ಟರು. ಅದನ್ನು ಅವರ ಜಾಣತನವೆನ್ನಬೇಕೋ, ಕೈಲಾಗದಿರುವಿಕೆಯೆನ್ನಬೇಕೋ! ಬಹುಶಃ ಎರಡೂ. ಹಾಗೆಂದು ಹಳೆಯ ಮನೆಗಳೆಲ್ಲ ಉಳಿದವು, ಹೊಸವೆಲ್ಲ ಹೋದವು ಎಂದರೆ ಸುಳ್ಳಾದೀತು. ಬೆಟ್ಟವೇ ಬಂದು ಮೈಮೇಲೆ ಬಿದ್ದಾಗ ಮನೆಯ ವಯಸ್ಸನ್ನು ಅದು ಕೇಳುವುದಿಲ್ಲ.

ಹಾರಂಗಿಯ ಮೇಲ್ಭಾಗದ ಒಂದು ಹಳ್ಳಿಯಲ್ಲಿ ಅಂಥದೊಂದು ಐನ್‌ಮನೆ. ಅಲ್ಲಿದ್ದವರು ಎಪ್ಪತ್ತು ದಾಟಿದ ಒಬ್ಬ ಹಿರಿಯರು ಮತ್ತು ಅವರ ಪತ್ನಿ. ಆ ಆಗಸ್ಟಿನಲ್ಲಿ ಊರಿನವರನ್ನೆಲ್ಲ ಪರಿಹಾರ ಕೇಂದ್ರಕ್ಕೆ ಕರೆದೊಯ್ಯಲು ಬಂದ ಯುವಕರು, “ಅಜ್ಜ, ಬೇಗ ಹೊರಡಿ. ಹಿಂದಿನ ಗುಡ್ಡ ಬಿರಿದಿದೆ,” ಎಂದು ಅವಸರಪಡಿಸಿದರು. ಅಜ್ಜ ಒಳಗೆ ಹೋದವರು ಬಹಳ ಹೊತ್ತು ಬರಲಿಲ್ಲ. ಒಬ್ಬ ಹುಡುಗ ಒಳಗೆ ನುಗ್ಗಿ ನೋಡಿದರೆ, ಅವರು ತೂಗುದೀಪಕ್ಕೆ ಅಂಚಿನವರೆಗೆ ಎಣ್ಣೆ ತುಂಬುತ್ತಿದ್ದರು.

“ಇಷ್ಟು ಎಣ್ಣೆ ಎಷ್ಟು ದಿನ ಬಂದೀತು, ಅಜ್ಜ?”

“ನಾಳೆ ಬೆಳಗಿನವರೆಗೆ ಬಂದೀತು. ಆಮೇಲಿನದು ನನ್ನ ಕೈಯಲ್ಲಿಲ್ಲ.”

ಅವರು ಮರಳಿ ಬಂದದ್ದು ಹದಿನೈದು ದಿನಗಳ ಮೇಲೆ. ಓಣಿ ಮಣ್ಣಿನಿಂದ ತುಂಬಿ ಹೋಗಿತ್ತು. ಗುಡ್ಡದ ಕಡೆಯಿಂದ ಸುತ್ತಿ ಹೋಗಬೇಕಾಯಿತು. ಕೊಟ್ಟಿಗೆ ಇರಲಿಲ್ಲ. ಅಡುಗೆಮನೆಯ ಹಿಂಗೋಡೆ ಕುಸಿದು, ಅಲ್ಲಿಯ ಮಾಡು ಮಂಡಿಯೂರಿತ್ತು. ಗದ್ದೆಯಿದ್ದ ಕಡೆ ಕಲ್ಲು ಮತ್ತು ಬೊಡ್ಡೆಗಳು. ಕೈಯಾಲೆ ಮತ್ತು ನಡುಬಾಡೆ ಮಾತ್ರ ನಿಂತಿದ್ದವು. ಐಮರದ ಮೇಲೆ ಬೆರಳು ದಪ್ಪ ಕೆಸರು ಒಣಗಿತ್ತು. ಹಿರಿಯರು ಮೊದಲು ದೀಪದ ಪಾತ್ರೆಯನ್ನು ತೊಳೆದು, ಬತ್ತಿ ಹಾಕಿ ಹಚ್ಚಿದರು. ಅದುವರೆಗೆ ಅವರ ಪತ್ನಿ ಕೆಸರನ್ನು ಮುಟ್ಟಲಿಲ್ಲ. ಅವರ ಮದುವೆಯಾಗಿ ಆ ಮನೆಗೆ ಬಂದಂದಿನಿಂದ ಆ ದೀಪ ಒಂದೇ ಒಂದು ಸಂಜೆಯೂ ತಪ್ಪಿರಲಿಲ್ಲವಂತೆ. ಆ ಮಾತನ್ನು ಹೇಳುವಾಗ ಆಕೆ ಅಳಲಿಲ್ಲ. ಹದಿನೈದು ಸಂಜೆಗಳನ್ನು ಬೆರಳಿನಲ್ಲಿ ಎಣಿಸಿ ತೋರಿಸಿದರು.

ಕಾಕರ್‌ಮತ್‌ನ ಮನೆಗೂ ಎರಡು ಕಂಟಕಗಳು ಬಂದಿದ್ದವು. 1930ರ ದಶಕದ ಕೊನೆಯಲ್ಲಿ ಆ ಮನೆಯನ್ನು ಕೊಂಡವರು ಅದನ್ನು ಕೆಡವಿ ಬಸ್ಸು ನಿಲ್ದಾಣ ಮಾಡಲು ಹೊರಟರು. ಊರಿನ ಜನ ಹಣ ಕೂಡಿಸಿ ಅದನ್ನು ಬಿಡಿಸಿಕೊಂಡು, ಹಳೆಯ ಮನೆಗಳನ್ನೂ ಭೂಮಿಯನ್ನೂ ಕಾಪಾಡಲೆಂದು 1895ರಲ್ಲಿ ಸ್ಥಾಪಿತವಾಗಿದ್ದ ನ್ಯಾಷನಲ್ ಟ್ರಸ್ಟ್ ಎಂಬ ಸಂಸ್ಥೆಗೆ ಒಪ್ಪಿಸಿದರು. 2009ರ ನವೆಂಬರಿನಲ್ಲಿ ಹೊಳೆಗಳು ಉಕ್ಕಿ ಊರೆಲ್ಲ ಮುಳುಗಿದಾಗ ಆ ಮನೆಯ ಹಿಂದಿನ ತೋಟ ಹಾಳಾಯಿತು. ಸಂಸ್ಥೆಯವರು ಅದನ್ನು ಮತ್ತೆ ನೆಟ್ಟು ಬೆಳೆಸಿದರು. ಇಂದು ಹಣ ಕೊಟ್ಟು ಒಳಗೆ ಹೋದವರಿಗೆ ಕವಿಯ ಬಾಲ್ಯದ ಕಾಲದಲ್ಲಿ ಇದ್ದಂತೆ ಜೋಡಿಸಿಟ್ಟ ಕೋಣೆಗಳನ್ನು ತೋರಿಸುತ್ತಾರೆ. ಇದು ಬಹಳ ಮೆಚ್ಚತಕ್ಕ ಕಾರ್ಯ. ಐನ್‌ಮನೆಗಳನ್ನೂ ಹೀಗೆಯೇ ಉಳಿಸಬಾರದೇಕೆ ಎಂದು ಕೇಳುವವರಿದ್ದಾರೆ. ಮರದ ಕೆತ್ತನೆಯನ್ನು, ಕಂಬಗಳನ್ನು, ಹೆಂಚನ್ನು ಹಾಗೆ ಉಳಿಸಬಹುದು. ಸಂಬಳಕ್ಕೆ ಬಂದವನು ದೀಪವನ್ನೂ ಹೊತ್ತಿಗೆ ಸರಿಯಾಗಿ ಹಚ್ಚಿಯಾನು. ಆದರೆ ಕನ್ನಿ ಕೊಂಬರೆಯ ಮುಂದೆ ನಿಂತು ಅವನು ಯಾರ ಹೆಸರನ್ನು ಹೇಳಬೇಕು? ಐನ್‌ಮನೆ ಕಾಪಾಡುತ್ತ ಬಂದಿರುವುದು ತನ್ನ ಕಂಬಗಳನ್ನಷ್ಟೇ ಅಲ್ಲ, ಆ ಹೆಸರುಗಳನ್ನು.

ಆ ವರ್ಷದ ಪುತ್ತರಿ ಬಂದಿತು. ಹೊಸ ಭತ್ತದ ಹಬ್ಬ ಅದು. ಒಕ್ಕದವರು ಎಲ್ಲಿದ್ದರೂ ಐನ್‌ಮನೆಗೆ ಬರಬೇಕು. ಆ ಮನೆಗೂ ಮೂವತ್ತಕ್ಕೂ ಹೆಚ್ಚು ಜನ ಬಂದರು. ಕೆಲವು ಮಕ್ಕಳು ಆ ಮನೆಯನ್ನು ಕಂಡದ್ದು ಅದೇ ಮೊದಲು. ಕುಸಿದ ಅಡುಗೆಮನೆಯ ಮೇಲೆ ನೀಲಿ ಟಾರ್ಪಾಲು ಹೊದಿಸಿ, ಅಂಗಳದಲ್ಲಿ ಒಲೆ ಹೂಡಿದ್ದರು. ಸಂಜೆ ಕೈಯಾಲೆಯಲ್ಲಿ ಹಿರಿಯರೆಲ್ಲ ಐಮರದ ಮೇಲೆ ಕುಳಿತರು; ಈ ಸಾರಿ ಹೆಂಗಸರೂ ಕುಳಿತರು, ಯಾರೂ ಬೇಡವೆನ್ನಲಿಲ್ಲ. ಮನೆಯನ್ನು ಕೆಡವಿ ಕೆಳಗಡೆ ಗಟ್ಟಿ ನೆಲದಲ್ಲಿ ಚಿಕ್ಕದಾಗಿ ಕಟ್ಟಿಕೊಳ್ಳೋಣವೆಂದು ಕೆಲವರು, ಇದ್ದುದನ್ನೇ ಎತ್ತಿ ನಿಲ್ಲಿಸೋಣವೆಂದು ಕೆಲವರು ವಾದಿಸಿದರು. ಎತ್ತರದ ದನಿಯ ಮಾತುಗಳೂ ಬಂದುವು. ಕೊನೆಗೆ ದುರಸ್ತಿಗೆ ತಲೆಗಿಷ್ಟೆಂದು ಹಣ ಗೊತ್ತುಮಾಡಿದರು. ಆಗ ಹಿರಿಯರು ಅದುವರೆಗೆ ಸುಮ್ಮನಿದ್ದವರು, “ಹಣದ ಮಾತಾಯಿತು. ನನಗೆ ಇನ್ನು ಎರಡು ಮಳೆಗಾಲ ಹಿಡಿಯುವ ಶಕ್ತಿಯಿಲ್ಲ. ಇಲ್ಲಿ ಇರುವವರು ಯಾರು?” ಎಂದು ಕೇಳಿದರು.

ಸ್ವಲ್ಪ ಹೊತ್ತು ಯಾರೂ ಮಾತನಾಡಲಿಲ್ಲ. ಸೇನೆಯಿಂದ ನಿವೃತ್ತರಾಗಿ ಬಂದಿದ್ದ ಒಬ್ಬರು, “ಬೇಸಿಗೆಯ ಆರು ತಿಂಗಳು ನಾನಿರುತ್ತೇನೆ, ದೊಡ್ಡಪ್ಪ,” ಎಂದರು. ಮಳೆಗಾಲದ ಆರು ತಿಂಗಳ ಮಾತು ಅಂದು ಇತ್ಯರ್ಥವಾಗಲಿಲ್ಲ. ಅಷ್ಟರಲ್ಲಿ ತೆನೆ ಕೊಯ್ಯುವ ಹೊತ್ತಾಯಿತು. ತಮ್ಮ ಗದ್ದೆ ಮಣ್ಣಿನಡಿಯಲ್ಲಿದ್ದುದರಿಂದ, ನೆರೆಯ ಒಕ್ಕದವರು ತಮ್ಮ ಗದ್ದೆಯಲ್ಲಿ ಒಂದು ಮೂಲೆಯನ್ನು ಇವರಿಗಾಗಿ ಕೊಯ್ಯದೆ ಬಿಟ್ಟಿದ್ದರು. ಹಿರಿಯರು ನಡುಬಾಡೆಯ ದೀಪಕ್ಕೆ ಎಣ್ಣೆ ಎರೆದು, ಕುಡುಗೋಲನ್ನು ಹುಡುಗನೊಬ್ಬನ ಕೈಗೆ ಕೊಟ್ಟು, ಓಣಿಯಲ್ಲಿ ಇನ್ನೂ ಕೆಸರಿದೆ, ಕಾಲು ನೋಡಿಕೊಂಡು ಇಡಬೇಕೆಂದು ಹೇಳಿದರು.